ಹಳೆಯ ಕಾರಿನ ವ್ಯಾಕ್ಯೂಮ್ ಪೈಪ್, ಚೆಕ್ ವಾಲ್ವ್: ಲೀಕ್ ಹಿಡಿಯುವ ಸರಿಯಾದ ಕ್ರಮ

ಬಾನೆಟ್ ಎತ್ತಿ ಕಣ್ಣಿಗೆ ಕಂಡ ರಬ್ಬರ್ ಪೈಪನ್ನೆಲ್ಲ ಬದಲಾಯಿಸಿದ್ದಾಯಿತು. ಆದರೂ ಐಡಲಿಂಗ್ ಏರಿಳಿಯುತ್ತದೆ, ಬ್ರೇಕ್ ಪೆಡಲ್ ಒಮ್ಮೊಮ್ಮೆ ಇದ್ದಕ್ಕಿದ್ದಂತೆ ಗಟ್ಟಿಯಾಗುತ್ತದೆ. ಈ ದೂರು ಮತ್ತೆ ಮತ್ತೆ ಬರುತ್ತದೆ. ಬಹಳಷ್ಟು ಸಲ ಹುಡುಕುವ ಕ್ರಮವೇ ತಪ್ಪಾಗಿರುತ್ತದೆ. ಪೈಪ್ ಪೈಪ್ ಎಂದು ನೋಡುತ್ತಾ ಹೋಗಬೇಡಿ, ಲೈನ್ ಲೈನ್ ಎಂದು ನೋಡಿ. ಲೈನ್ ಅಂದರೆ ಮ್ಯಾನಿಫೋಲ್ಡ್‌ನಿಂದ (ಎಂಜಿನ್‌ಗೆ ಗಾಳಿ ಒಯ್ಯುವ ಕೊಳವೆ) ಹೊರಟು ಕೊನೆಯ ಡಯಾಫ್ರಮ್ (ಸೆಳೆತಕ್ಕೆ ಬಾಗುವ ರಬ್ಬರ್ ಪರದೆ) ಮುಟ್ಟುವವರೆಗಿನ ಇಡೀ ಸಾಲು. ನಡುವೆ ಚೆಕ್ ವಾಲ್ವ್, ಅಂದರೆ ಗಾಳಿಯನ್ನು ಒಂದೇ ಕಡೆಗೆ ಬಿಡುವ ವಾಲ್ವ್, ಇದ್ದರೆ ಅದರ ಈಚೆಗೊಂದು ಪರೀಕ್ಷೆ, ಆಚೆಗೊಂದು ಪರೀಕ್ಷೆ.

ಕೆಳಗಿನ ಹಂತಗಳನ್ನು ಬರೆದಿರುವ ಕ್ರಮದಲ್ಲೇ ಮಾಡಿ. ನಾಲ್ಕನೆಯ ಹಂತವನ್ನು ಬಿಟ್ಟು ಎಂಟಕ್ಕೆ ಹಾರುವವರೇ ಜಾಸ್ತಿ, ಹಣ ಹಾಳಾಗುವುದೂ ಅಲ್ಲೇ.

## ಶುರು ಮಾಡುವ ಮೊದಲು ಗೊತ್ತಿರಬೇಕಾದದ್ದು

ಪೆಟ್ರೋಲ್ ಎಂಜಿನ್ ಗಾಳಿ ಎಳೆಯುತ್ತದೆ, ಆದರೆ ಐಡಲ್‌ನಲ್ಲಿ ಗಾಳಿಯ ದಾರಿ ತೆರೆದು ಮುಚ್ಚುವ ಥ್ರಾಟಲ್ ತಟ್ಟೆ ಹೆಚ್ಚುಕಡಿಮೆ ಮುಚ್ಚಿರುತ್ತದೆ. ಹಾಗಾಗಿ ತಟ್ಟೆಯ ಕೆಳಗೆ, ಇನ್‌ಟೇಕ್ ಮ್ಯಾನಿಫೋಲ್ಡ್‌ನಲ್ಲಿ, ಗಾಳಿಯ ಒತ್ತಡ ಕುಸಿಯುತ್ತದೆ. ಇದೇ ವ್ಯಾಕ್ಯೂಮ್. ಆರೋಗ್ಯವಾಗಿರುವ ಎಂಜಿನ್ ಸಮುದ್ರ ಮಟ್ಟದಲ್ಲಿ, ಬಿಸಿಯಾಗಿ ಐಡಲ್‌ನಲ್ಲಿರುವಾಗ 17ರಿಂದ 21 ಪಾದರಸದ ಇಂಚು ತೋರಿಸುತ್ತದೆ. ಕಿಲೋಪ್ಯಾಸ್ಕಲ್ ಲೆಕ್ಕದಲ್ಲಿ ಸುಮಾರು 57ರಿಂದ 71. ಎತ್ತರದ ಊರಿನಲ್ಲಿದ್ದರೆ ಪ್ರತಿ 300 ಮೀಟರಿಗೆ ಸುಮಾರು 1 ಇಂಚು ಕಡಿಮೆಯಾಗುವುದು ಸಹಜ. ಆಕ್ಸಿಲರೇಟರ್ ಪೂರ್ತಿ ಒತ್ತಿದರೆ ವ್ಯಾಕ್ಯೂಮ್ ಸೊನ್ನೆಯ ಹತ್ತಿರ ಬರುತ್ತದೆ. ಓಡುತ್ತಿರುವಾಗ ಕಾಲು ತೆಗೆದರೆ ಐಡಲ್‌ಗಿಂತಲೂ ಮೇಲೆ ಹೋಗುತ್ತದೆ.

ಪೈಪ್ ಜೋಡಿಸುವ ಜಾಗದಲ್ಲಿ ಎರಡು ಜಾತಿ. ಥ್ರಾಟಲ್ ತಟ್ಟೆಯ ಕೆಳಗಿನ ನಿಪ್ಪಲ್‌ನಲ್ಲಿ (ಪೈಪ್ ಸಿಕ್ಕಿಸುವ ಮೂತಿ) ಐಡಲ್‌ನಲ್ಲೂ ಸೆಳೆತ ಇರುತ್ತದೆ. ಇದು ಮ್ಯಾನಿಫೋಲ್ಡ್ ವ್ಯಾಕ್ಯೂಮ್. ತಟ್ಟೆಗಿಂತ ಸ್ವಲ್ಪ ಮೇಲಿರುವ ನಿಪ್ಪಲ್‌ನಲ್ಲಿ ಐಡಲ್‌ನಲ್ಲಿ ಸೆಳೆತ ಇರುವುದಿಲ್ಲ, ಆಕ್ಸಿಲರೇಟರ್ ಸ್ವಲ್ಪ ತೆರೆದಾಗ ಬರುತ್ತದೆ. ಇದು ಪೋರ್ಟೆಡ್ ವ್ಯಾಕ್ಯೂಮ್. ಹೊರಗಿನಿಂದ ಎರಡೂ ಒಂದೇ ಥರ ಕಾಣುತ್ತವೆ. ಡಿಸ್ಟ್ರಿಬ್ಯೂಟರ್ ಅಡ್ವಾನ್ಸ್ (ಕಿಡಿಯ ಹೊತ್ತನ್ನು ಮುಂದೆ ಮಾಡುವ ಡಬ್ಬಿ), ಇ.ಜಿ.ಆರ್. ವಾಲ್ವ್ (ಹೊಗೆಯ ಒಂದು ಪಾಲನ್ನು ಎಂಜಿನ್‌ಗೆ ವಾಪಸ್ ಬಿಡುವ ವಾಲ್ವ್) ಇವುಗಳ ಪೈಪ್ ಅದಲುಬದಲಾಗುವುದು ಹೀಗೆಯೇ.

ಚೆಕ್ ವಾಲ್ವ್ ಕೆಲಸ ಒಂದೇ. ಗಾಳಿಯನ್ನು ಬೂಸ್ಟರ್ (ಬ್ರೇಕ್ ಒತ್ತುವ ಕಾಲಿಗೆ ಬಲ ಕೂಡಿಸುವ ಡಬ್ಬಿ) ಅಥವಾ ವ್ಯಾಕ್ಯೂಮ್ ಕೂಡಿಡುವ ರಿಸರ್ವ್ ಡಬ್ಬಿಯಿಂದ ಎಂಜಿನ್ ಕಡೆಗೆ ಬಿಡಬೇಕು, ಎಂಜಿನ್ ಕಡೆಯಿಂದ ವಾಪಸ್ ಬಿಡಬಾರದು. ಎಂಜಿನ್ ಆಫ್ ಆದಾಗಲೂ, ಏರು ಹತ್ತುವಾಗ ವ್ಯಾಕ್ಯೂಮ್ ಬಿದ್ದಾಗಲೂ ಆಚೆ ಕಡೆ ಕೂಡಿಟ್ಟದ್ದು ಉಳಿಯುವುದು ಇದರಿಂದ. ಕಾರ್ಬುರೇಟರ್ ಬ್ಯಾಕ್‌ಫೈರ್ ಹೊಡೆದರೆ ಆ ಒತ್ತಡ ಬೂಸ್ಟರ್‌ಗೆ ಹೋಗದಂತೆ ತಡೆಯುವುದೂ ಇದೇ. ಟರ್ಬೊ ಇರುವ ಕಾರಿನಲ್ಲಿ ಬೂಸ್ಟ್ ಒತ್ತಡವನ್ನೂ ಇದೇ ತಡೆಯಬೇಕು.

ಇಷ್ಟು ಗೊತ್ತಿದ್ದರೆ ರೋಗವನ್ನು ಅರ್ಧ ಹಿಡಿದ ಹಾಗೆ:

- ಐಡಲಿಂಗ್ ಕೆಟ್ಟಿದೆ, ಆ ಲೈನಿನ ಕೊನೆಯ ಸಾಧನವೂ ಸೊರಗಿದೆ: ಲೈನ್ ಎಲ್ಲೋ ಹೊರಗಿನ ಗಾಳಿ ಎಳೆಯುತ್ತಿದೆ.
- ಐಡಲಿಂಗ್ ಚೆನ್ನಾಗಿದೆ, ಆದರೆ ಎಂಜಿನ್ ಆಫ್ ಮಾಡಿದ ಮೇಲೆ ಅಥವಾ ಏರಿನಲ್ಲಿ ಸಾಧನ ಕೈಕೊಡುತ್ತದೆ: ಚೆಕ್ ವಾಲ್ವ್ ಹಿಡಿಯುತ್ತಿಲ್ಲ.
- ಐಡಲಿಂಗ್ ಚೆನ್ನಾಗಿದೆ, ಸಾಧನ ಸ್ವಲ್ಪವೂ ಕೆಲಸ ಮಾಡುತ್ತಿಲ್ಲ: ಪೈಪ್ ಕಟ್ಟಿಕೊಂಡಿದೆ, ಒಳಗೇ ಚಪ್ಪಟೆಯಾಗಿದೆ, ಅಥವಾ ಯಾರೋ ಚೆಕ್ ವಾಲ್ವನ್ನು ತಿರುಗುಮುರುಗು ಹಾಕಿದ್ದಾರೆ.

ತುಂಬಾ ಸಣ್ಣ ರಂಧ್ರದ ಮೂಲಕ ಹೋಗುವ ಲೈನ್‌ಗಳಿಗೆ, ಉದಾಹರಣೆಗೆ ಹೀಟರ್ ಕಂಟ್ರೋಲ್‌ಗೆ, ಮೊದಲ ಸಾಲು ಅಷ್ಟು ಖಂಡಿತವಾಗಿ ಹೊಂದುವುದಿಲ್ಲ. ಅಲ್ಲಿ ಸಾಕಷ್ಟು ದೊಡ್ಡ ಲೀಕ್ ಇದ್ದರೂ ಐಡಲಿಂಗ್‌ಗೆ ಗೊತ್ತೇ ಆಗದಿರಬಹುದು.

## ಬೇಕಾಗುವ ಸಾಮಾನು

ವ್ಯಾಕ್ಯೂಮ್ ಗೇಜ್ ಒಂದು, ಮೀಟರ್ ಇರುವ ಹ್ಯಾಂಡ್ ವ್ಯಾಕ್ಯೂಮ್ ಪಂಪ್ ಒಂದು. ಇವೆರಡೂ ಇಲ್ಲದೆ ಕೈ ಹಾಕಬೇಡಿ. ಒಂದೇ ಕೊಳ್ಳಲು ಸಾಧ್ಯವಿದ್ದರೆ ಪಂಪ್ ಕೊಳ್ಳಿ. ಅದರ ಮೀಟರನ್ನೇ ಗೇಜ್ ಆಗಿ ಬಳಸಬಹುದು.

ಜೊತೆಗೆ ಬೇಕಾದವು: ಬೇರೆ ಬೇರೆ ಅಳತೆಯ ರಬ್ಬರ್ ಕ್ಯಾಪ್‌ಗಳು, ಒಂದೆರಡು ಟೀ ಜಾಯಿಂಟ್, ಮಾಸ್ಕಿಂಗ್ ಟೇಪ್, ಮಾರ್ಕರ್ ಪೆನ್, ಹೊಸ ಬ್ಲೇಡ್, ಟಾರ್ಚ್, ನೀರು ತುಂಬಿದ ಸ್ಪ್ರೇ ಬಾಟಲಿ, ಅರ್ಧ ಮೀಟರ್ ಉದ್ದದ ಖಾಲಿ ಪೈಪ್. ಖಾಲಿ ಪೈಪಿನ ಒಂದು ತುದಿ ಕಿವಿಗೆ ಇಟ್ಟುಕೊಂಡು ಇನ್ನೊಂದು ತುದಿಯನ್ನು ಎಂಜಿನ್ ಸುತ್ತ ಆಡಿಸಿದರೆ ಸುಯ್ ಅನ್ನುವ ಜಾಗ ಸ್ಪಷ್ಟವಾಗಿ ಸಿಗುತ್ತದೆ. ಇದರಷ್ಟು ಅಗ್ಗದ ಉಪಕರಣ ಬೇರೆ ಇಲ್ಲ.

ಕಂಪ್ರೆಸರ್ ಗಾಳಿಯನ್ನು ವ್ಯಾಕ್ಯೂಮ್ ಲೈನಿಗೆ ನೇರ ಬಿಡಬೇಡಿ. ಡಯಾಫ್ರಮ್‌ಗಳು ಹರಿದುಹೋಗುತ್ತವೆ. ಕಾರ್ಬುರೇಟರ್ ಕ್ಲೀನರ್ ಸ್ಪ್ರೇ ಮಾಡಿ ಲೀಕ್ ಹುಡುಕುವ ಅಭ್ಯಾಸ ಹಲವರಿಗೆ ಇದೆ. ಅದು ಬೆಂಕಿ ಹಿಡಿಯುವ ದ್ರವ. ಪಕ್ಕದಲ್ಲೇ ಕಾದ ಎಕ್ಸಾಸ್ಟ್ ಮ್ಯಾನಿಫೋಲ್ಡ್, ಹಳೆಯ ಪ್ಲಗ್ ವೈರ್‌ಗಳ ಕಿಡಿ ಬೇರೆ. ನೀರು ಸಾಕು.

## ಹಂತ 1: ನಕ್ಷೆ ಮಾಡಿ

1970, 80ರ ದಶಕದ ಅನೇಕ ಕಾರುಗಳಲ್ಲಿ ಬಾನೆಟ್‌ನ ಒಳಬದಿಯಲ್ಲೋ ರೇಡಿಯೇಟರ್ ಮೇಲಿನ ಪಟ್ಟಿಯಲ್ಲೋ ವ್ಯಾಕ್ಯೂಮ್ ಪೈಪಿನ ಚಿತ್ರ ಅಂಟಿಸಿರುತ್ತಾರೆ. ಇದ್ದರೆ ಫೋಟೊ ತೆಗೆದುಕೊಳ್ಳಿ. ಇಲ್ಲದಿದ್ದರೆ ನಿಮ್ಮ ಎಂಜಿನ್‌ನ ಸರ್ವಿಸ್ ಮ್ಯಾನ್ಯುಯಲ್ ನೋಡಿ. ಒಂದೇ ಮಾಡೆಲ್ ಆದರೂ ಆಟೊಮ್ಯಾಟಿಕ್ ಗೇರ್, ಎ.ಸಿ. ಇರುವ ಕಾರಿಗೂ ಇಲ್ಲದ ಕಾರಿಗೂ ಚಿತ್ರ ಬೇರೆ ಇರಬಹುದು, ಗಮನಿಸಿ.

ಆಮೇಲೆ ನಿಮ್ಮ ಕಾರಿನಲ್ಲಿ ನಿಜವಾಗಿ ಏನಿದೆ ಎಂದು ಕಾಗದದ ಮೇಲೆ ಬರೆಯಿರಿ. ಮ್ಯಾನಿಫೋಲ್ಡ್‌ನ, ಕಾರ್ಬುರೇಟರ್‌ನ ಪ್ರತಿ ನಿಪ್ಪಲ್‌ಗೆ ಒಂದು ನಂಬರ್ ಕೊಡಿ. ಅಲ್ಲಿಂದ ಹೊರಟ ಪೈಪ್ ಎಲ್ಲೆಲ್ಲಿ ಕವಲೊಡೆದು ಎಲ್ಲಿ ಮುಗಿಯುತ್ತದೆ ಎಂದು ಕೈ ಆಡಿಸಿ ಹಿಂಬಾಲಿಸಿ. ಎರಡೂ ತುದಿಗೆ ಟೇಪ್ ಸುತ್ತಿ ಅದೇ ನಂಬರ್ ಬರೆಯಿರಿ. ಹಳೆಯ ಕಾರನ್ನು ನಿಮಗಿಂತ ಮೊದಲು ನಾಲ್ಕಾರು ಕೈಗಳು ಮುಟ್ಟಿರುತ್ತವೆ. ಎಲ್ಲೂ ಹೋಗದ ಪೈಪ್, ಬೋಲ್ಟ್ ತುರುಕಿ ಮುಚ್ಚಿದ ತುದಿ, ಚಿತ್ರದಲ್ಲೇ ಇಲ್ಲದ ಟೀ ಜಾಯಿಂಟ್ ಸಿಗುವುದು ಈ ಹಂತದಲ್ಲೇ. ಅವಕ್ಕೆ ಕೆಂಪು ಗುರುತು ಹಾಕಿ, ಈಗಲೇ ಸರಿ ಮಾಡಲು ಹೋಗಬೇಡಿ.

ಇಲ್ಲಿ ಆಗುವ ತಪ್ಪು: ಎಲ್ಲ ಪೈಪನ್ನೂ ಒಮ್ಮೆಗೇ ಕಿತ್ತು "ಆಮೇಲೆ ಜೋಡಿಸಿದರಾಯಿತು" ಅನ್ನುವುದು. ಫೋಟೊ ಇದ್ದರೂ ಗೊಂದಲವಾಗುತ್ತದೆ, ಯಾಕೆಂದರೆ ಫೋಟೊದಲ್ಲಿ ಒಂದರ ಹಿಂದೆ ಒಂದು ಅಡಗಿರುತ್ತವೆ.

## ಹಂತ 2: ಎಂಜಿನ್ ತಣ್ಣಗಿರುವಾಗ ಕಣ್ಣು, ಕೈ, ಮೂಗು

ಪೈಪನ್ನು ಸುಮ್ನೆ ನೋಡಿದರೆ ಬಿರುಕು ಕಾಣುವುದಿಲ್ಲ. ನಿಪ್ಪಲ್ ಮೇಲೆ ಕೂತಿರುವ ಕೊನೆಯ ಒಂದು ಸೆಂಟಿಮೀಟರ್ ಭಾಗವನ್ನು ಎರಡು ಬೆರಳಲ್ಲಿ ಮೆಲ್ಲಗೆ ಬಗ್ಗಿಸಿ. ಹಿಗ್ಗಿ ಹಿಗ್ಗಿ ರಬ್ಬರ್ ಸೀಳುವುದು ಅಲ್ಲೇ, ಅದೂ ಹೆಚ್ಚಾಗಿ ಕೆಳಮೈಯಲ್ಲಿ. ಬಗ್ಗಿಸಿದಾಗ ಕಪ್ಪು ಮೇಲ್ಮೈ ಬಿಚ್ಚಿಕೊಂಡು ಒಳಗಿನ ನೂಲು ಕಂಡರೆ ಆ ಪೈಪಿನ ಆಯುಸ್ಸು ಮುಗಿದಿದೆ. ಬೆರಳಿಗೆ ಗಟ್ಟಿ ಪ್ಲಾಸ್ಟಿಕ್ ಥರ ಸಿಕ್ಕರೂ ಅಷ್ಟೇ, ಜಿಗುಟಾಗಿ ಮೆತ್ತಗಾಗಿದ್ದರೂ ಅಷ್ಟೇ. ಬಳಸದ ನಿಪ್ಪಲ್‌ಗಳ ಮೇಲಿನ ರಬ್ಬರ್ ಕ್ಯಾಪ್‌ಗಳನ್ನು ಮರೆಯಬೇಡಿ. ಪೈಪಿಗಿಂತ ಮೊದಲು ಬಿರಿಯುವುದು ಅವೇ.

ಇನ್ನು ಮುಖ್ಯವಾದ ಕೆಲಸ. ಪ್ರತಿ ಪೈಪಿನ ಸಾಧನದ ಕಡೆಯ ತುದಿಯನ್ನು ಒಂದೊಂದಾಗಿ ಬಿಚ್ಚಿ, ಒಳಗೆ ಏನಾದರೂ ಒದ್ದೆ ಇದೆಯೇ ನೋಡಿ, ಮೂಸಿ. ವ್ಯಾಕ್ಯೂಮ್ ಲೈನಿನಲ್ಲಿ ಗಾಳಿ ಮಾತ್ರ ಇರಬೇಕು. ಬೇರೆ ಏನೇ ಸಿಕ್ಕರೂ ಅದು ಆ ತುದಿಯ ಸಾಧನ ಒಳಗೇ ಹರಿದಿದೆ ಎನ್ನುವ ಸುದ್ದಿ.

- ಫ್ಯುಯೆಲ್ ಪ್ರೆಶರ್ ರೆಗ್ಯುಲೇಟರ್‌ನ ಪೈಪಿನಲ್ಲಿ ಪೆಟ್ರೋಲ್ ಸಿಕ್ಕರೆ ಅದರ ಡಯಾಫ್ರಮ್ ಹೋಗಿದೆ. ಎಂಜಿನ್ ಜಾಸ್ತಿ ಪೆಟ್ರೋಲ್ ಕುಡಿಯುತ್ತದೆ, ಹೊಗೆ ಕಪ್ಪಾಗುತ್ತದೆ. ಸರಿ ಮಾಡುವವರೆಗೆ ಕಾರು ಓಡಿಸಬೇಡಿ.
- ಆಟೊಮ್ಯಾಟಿಕ್ ಗೇರ್‌ಬಾಕ್ಸ್‌ನ ಮಾಡ್ಯುಲೇಟರ್ (ವ್ಯಾಕ್ಯೂಮ್ ನೋಡಿ ಗೇರ್ ಬದಲಾವಣೆ ಹೊಂದಿಸುವ ಡಬ್ಬಿ) ಪೈಪಿನಲ್ಲಿ ಗೇರ್ ಆಯಿಲ್ ಇದ್ದರೆ ಮಾಡ್ಯುಲೇಟರ್ ಹರಿದಿದೆ. ಗೇರ್‌ಬಾಕ್ಸ್ ಆಯಿಲ್ ಕಡಿಮೆಯಾಗುತ್ತಿದ್ದು ನೆಲದ ಮೇಲೆ ಒಂದು ಹನಿಯೂ ಕಾಣದಿದ್ದರೆ, ಎಂಜಿನ್ ಅದನ್ನು ಎಳೆದುಕೊಂಡು ಸುಡುತ್ತಿರುತ್ತದೆ.
- ಬೂಸ್ಟರ್ ಪೈಪಿನಲ್ಲಿ ಬ್ರೇಕ್ ಆಯಿಲ್ ಸಿಕ್ಕರೆ ಮಾಸ್ಟರ್ ಸಿಲಿಂಡರ್‌ನ ಹಿಂದಿನ ಸೀಲ್ ಸೋರುತ್ತಿದೆ. ಪೈಪ್ ಬದಲಾಯಿಸಿ ಪ್ರಯೋಜನವಿಲ್ಲ, ಮೊದಲು ಬ್ರೇಕ್ ಕೆಲಸ.

ಪಿ.ಸಿ.ವಿ. ಪೈಪಿನಲ್ಲಿ ಎಂಜಿನ್ ಆಯಿಲ್‌ನ ಪಸೆ ಇರುವುದು ಮಾತ್ರ ಸಾಮಾನ್ಯ. ಅದು ಕ್ರ್ಯಾಂಕ್‌ಕೇಸ್, ಅಂದರೆ ಎಂಜಿನ್‌ನ ಕೆಳಭಾಗದ ಕೋಣೆಯ, ಗಾಳಿಯನ್ನೇ ಎಳೆಯುವ ಪೈಪ್ ಅಲ್ವಾ.

ಎಚ್ಚರ: ಪ್ಲಾಸ್ಟಿಕ್ ನಿಪ್ಪಲ್ ಮೇಲಿನ ಹಳೆಯ ಪೈಪನ್ನು ಎಳೆದು ಕೀಳಬೇಡಿ. ಮೊದಲು ತಿರುಗಿಸಿ ಸಡಿಲ ಮಾಡಿ. ತಿರುಗದಿದ್ದರೆ ಉದ್ದಕ್ಕೆ ಬ್ಲೇಡ್‌ನಿಂದ ಸೀಳಿ ಬಿಡಿಸಿ. ಪೈಪ್ ಹೇಗೂ ಸಿಗುತ್ತದೆ, ಮುರಿದ ಥರ್ಮಲ್ ವ್ಯಾಕ್ಯೂಮ್ ಸ್ವಿಚ್ (ಎಂಜಿನ್ ಬಿಸಿಗೆ ತಕ್ಕಂತೆ ವ್ಯಾಕ್ಯೂಮ್ ಬಿಡುವ, ತಡೆಯುವ ಸ್ವಿಚ್) ಮತ್ತೆ ಸಿಗುವುದು ಕಷ್ಟ.

## ಹಂತ 3: ಗೇಜ್ ಹಾಕಿ ಇವತ್ತಿನ ಸ್ಥಿತಿ ಬರೆದುಕೊಳ್ಳಿ

ಎಂಜಿನ್ ಪೂರ್ತಿ ಬಿಸಿಯಾಗಲಿ, ಚೋಕ್ ತೆರೆದಿರಲಿ, ಎ.ಸಿ. ಆಫ್ ಇರಲಿ. ಹ್ಯಾಂಡ್‌ಬ್ರೇಕ್ ಹಾಕಿ, ಗೇರ್ ನ್ಯೂಟ್ರಲ್. ಗೇಜನ್ನು ಮ್ಯಾನಿಫೋಲ್ಡ್ ವ್ಯಾಕ್ಯೂಮ್ ನಿಪ್ಪಲ್‌ಗೆ ಟೀ ಜಾಯಿಂಟ್ ಮೂಲಕ ಸೇರಿಸಿ. ಐಡಲ್‌ನಲ್ಲೇ ಸೆಳೆತ ಇದೆಯೇ ಎಂದು ಬೆರಳಿಟ್ಟು ಖಾತ್ರಿ ಮಾಡಿಕೊಳ್ಳಿ, ಇಲ್ಲದಿದ್ದರೆ ನೀವು ಪೋರ್ಟೆಡ್ ನಿಪ್ಪಲ್‌ಗೆ ಹಾಕಿದ್ದೀರಿ.

ಮುಳ್ಳು 17ರಿಂದ 21ರ ನಡುವೆ ಅಲ್ಲಾಡದೆ ನಿಂತರೆ ದೊಡ್ಡ ಲೀಕ್ ಇಲ್ಲ. ಕಡಿಮೆ ಇದೆ ಆದರೆ ನಿಶ್ಚಲವಾಗಿದೆ ಎಂದರೆ ಲೀಕ್ ಇರಬಹುದು, ಇಗ್ನಿಷನ್ ಟೈಮಿಂಗ್ ಹಿಂದೆ ಬಿದ್ದಿರಲೂಬಹುದು. ಲೆಕ್ಕ ಹಾಕಿದ ಹಾಗೆ ಪ್ರತಿ ಸಲ ಒಂದೇ ಅಂತರದಲ್ಲಿ ಕೆಳಗೆ ಜಿಗಿದು ಮೇಲೆ ಬಂದರೆ ಯಾವುದೋ ಒಂದು ಎಂಜಿನ್ ವಾಲ್ವ್ ಸರಿಯಾಗಿ ಮುಚ್ಚುತ್ತಿಲ್ಲ. ಮೆಲ್ಲಗೆ ಅತ್ತಿತ್ತ ತೇಲಿದರೆ ಮಿಕ್ಸ್‌ಚರ್ ಕಡೆ ನೋಡಿ. 2,500 ಆರ್.ಪಿ.ಎಂ.ನಲ್ಲಿ ಹಿಡಿದಾಗ ಮುಳ್ಳು ನಿಧಾನವಾಗಿ ಇಳಿಯುತ್ತಲೇ ಹೋದರೆ ಸೈಲೆನ್ಸರ್ ಲೈನ್ ಎಲ್ಲೋ ಕಟ್ಟಿದೆ. ಕೊನೆಯ ಮೂರಕ್ಕೂ ವ್ಯಾಕ್ಯೂಮ್ ಪೈಪಿಗೂ ಸಂಬಂಧವೇ ಇಲ್ಲ. ಅದಕ್ಕೇ ಗೇಜ್ ಹಾಕದೆ ಪೈಪ್ ಬದಲಾಯಿಸಬೇಡಿ ಅನ್ನುವುದು.

ಮುಳ್ಳು ಎಲ್ಲಿತ್ತು, ಹೇಗೆ ಆಡಿತು, ಐಡಲ್ ಎಷ್ಟಿತ್ತು ಎಂದು ಬರೆದಿಡಿ.

## ಹಂತ 4: ಎಲ್ಲ ಲೈನ್ ಮುಚ್ಚಿ, ಒಂದೊಂದಾಗಿ ತೆರೆಯಿರಿ

ಈ ಹಂತವೇ ಇಡೀ ಕೆಲಸದ ಜೀವಾಳ. ಎಂಜಿನ್ ಆಫ್ ಮಾಡಿ. ಮ್ಯಾನಿಫೋಲ್ಡ್ ಮತ್ತು ಕಾರ್ಬುರೇಟರ್‌ನಿಂದ ಹೊರಡುವ ಪ್ರತಿ ಪೈಪನ್ನೂ ಬುಡದಲ್ಲೇ ಬಿಚ್ಚಿ, ನಿಪ್ಪಲ್‌ಗೆ ಕ್ಯಾಪ್ ಹಾಕಿ. ಬೂಸ್ಟರ್ ಪೈಪ್, ಪಿ.ಸಿ.ವಿ. ಪೈಪ್ ಕೂಡ ಸೇರಿ. ಗೇಜ್‌ನ ಒಂದು ನಿಪ್ಪಲ್ ಮಾತ್ರ ತೆರೆದಿರಲಿ. ಇಂಜೆಕ್ಷನ್ ಕಾರಾದರೆ ಮ್ಯಾನಿಫೋಲ್ಡ್ ಒತ್ತಡ ಅಳೆಯುವ ಸೆನ್ಸರ್‌ನ ಪೈಪನ್ನೂ ಪ್ರೆಶರ್ ರೆಗ್ಯುಲೇಟರ್‌ನ ಪೈಪನ್ನೂ ಬಿಚ್ಚಬೇಡಿ. ಅವೆರಡಕ್ಕೂ ಆಮೇಲೆ ಪಂಪ್‌ನಿಂದ ಪರೀಕ್ಷೆ ಮಾಡಿ.

ಈಗ ಸ್ಟಾರ್ಟ್ ಮಾಡಿ. ಬೂಸ್ಟರ್ ಬಿಚ್ಚಿರುವುದರಿಂದ ಕಾರನ್ನು ಒಂದು ಅಡಿಯೂ ಸರಿಸಬೇಡಿ.

ಗೇಜ್ ಮೇಲೆದ್ದು ಐಡಲಿಂಗ್ ಶಾಂತವಾಯಿತೇ? ಹಾಗಾದರೆ ಲೀಕ್ ಪೈಪುಗಳಲ್ಲೋ ಅವುಗಳ ತುದಿಯ ಸಾಧನದಲ್ಲೋ ಇದೆ. ಒಂದೊಂದೇ ಲೈನ್ ವಾಪಸ್ ಜೋಡಿಸಿ, ಪ್ರತಿ ಸಲ ಗೇಜ್ ನೋಡಿ. ಯಾವುದನ್ನು ಸೇರಿಸಿದಾಗ ಮುಳ್ಳು ಬಿದ್ದು ಅಲ್ಲೇ ಉಳಿಯಿತೋ ಆ ಲೈನನ್ನು ಹಿಡಿಯಿರಿ. ಬೂಸ್ಟರ್ ಸೇರಿಸಿದಾಗ ಮುಳ್ಳು ಒಂದು ಕ್ಷಣ ಬಿದ್ದು ಮೇಲೇಳುತ್ತದೆ, ಅದು ಒಳಗಿನ ಗಾಳಿ ಖಾಲಿಯಾಗುವುದು ಅಷ್ಟೇ. ಪಿ.ಸಿ.ವಿ. ಸೇರಿಸಿದಾಗ ಸ್ವಲ್ಪ ವ್ಯತ್ಯಾಸ ಬಂದರೂ ಗಾಬರಿ ಬೇಡ, ಅದು ಲೆಕ್ಕ ಹಾಕಿಯೇ ಇಟ್ಟಿರುವ ಲೀಕ್. ಬೇರೆ ಎಂಜಿನ್‌ನ ಪಿ.ಸಿ.ವಿ. ವಾಲ್ವ್ ಹಾಕಿದ್ದರೆ ಮಾತ್ರ ಆ ಲೆಕ್ಕ ತಪ್ಪುತ್ತದೆ.

ಎಲ್ಲ ಮುಚ್ಚಿದರೂ ಗೇಜ್ ಮೇಲೇಳಲಿಲ್ಲವೇ? ಪೈಪ್ ಖರೀದಿ ನಿಲ್ಲಿಸಿ. ಕಾರ್ಬುರೇಟರ್ ಬುಡದ ಗ್ಯಾಸ್ಕೆಟ್, ಮ್ಯಾನಿಫೋಲ್ಡ್ ಗ್ಯಾಸ್ಕೆಟ್, ಥ್ರಾಟಲ್ ಶಾಫ್ಟ್ ಸವೆದಿರುವ ಜಾಗ, ಇವುಗಳ ಮೇಲೆ ನೀರನ್ನು ಸಣ್ಣಗೆ ಸಿಂಪಡಿಸಿ. ಡಿಸ್ಟ್ರಿಬ್ಯೂಟರ್, ಪ್ಲಗ್ ವೈರ್ ಮೇಲೆ ಬೀಳದಿರಲಿ. ನೀರು ಬಿದ್ದ ಗಳಿಗೆ ಐಡಲಿಂಗ್ ಬದಲಾದರೆ ಅಲ್ಲೇ ಲೀಕ್. ಅಲ್ಲೂ ಇಲ್ಲದಿದ್ದರೆ ಟೈಮಿಂಗ್, ಕಂಪ್ರೆಶನ್ ನೋಡುವ ಸಮಯ.

ಇಲ್ಲಿ ಒಂದು ಮಾತು. ಲೀಕ್ ಇರುವಾಗ ಐಡಲ್ ಸ್ಕ್ರೂ ತಿರುಗಿಸಿ ಎಂಜಿನ್ ನಿಲ್ಲದ ಹಾಗೆ ಮಾಡುವುದು ಎತ್ತಿಗೆ ಜ್ವರ ಬಂದರೆ ಎಮ್ಮೆಗೆ ಬರೆ ಹಾಕಿದ ಹಾಗೆ. ಥ್ರಾಟಲ್ ತಟ್ಟೆ ಸ್ವಲ್ಪ ತೆರೆದರೆ ಪೋರ್ಟೆಡ್ ನಿಪ್ಪಲ್‌ನಲ್ಲೂ ಐಡಲ್‌ನಲ್ಲೇ ಸೆಳೆತ ಶುರುವಾಗುತ್ತದೆ, ಡಿಸ್ಟ್ರಿಬ್ಯೂಟರ್ ಟೈಮಿಂಗ್ ಬೇಡದ ಹೊತ್ತಲ್ಲಿ ಮುಂದೋಡುತ್ತದೆ. ಒಂದು ತಪ್ಪು ಹೋಗಿ ಎರಡಾಯಿತು.

## ಹಂತ 5: ಚೆಕ್ ವಾಲ್ವ್ ಪರೀಕ್ಷೆ

ಮೊದಲು ಕೈಯಲ್ಲಿರುವುದು ಚೆಕ್ ವಾಲ್ವ್ ಹೌದೋ ಅಲ್ಲವೋ ನೋಡಿ. ಎರಡು ಬಣ್ಣದ, ಬಿಲ್ಲೆ ಆಕಾರದ ಪ್ಲಾಸ್ಟಿಕ್ ತುಂಡು ಕಂಡರೆ ಎಲ್ಲರೂ ಚೆಕ್ ವಾಲ್ವ್ ಅನ್ನುತ್ತಾರೆ. ಡಿಲೇ ವಾಲ್ವ್ ಕೂಡ ನೋಡಲು ಹಾಗೇ ಇರುತ್ತದೆ. ಚೆಕ್ ವಾಲ್ವ್ ಒಂದು ಕಡೆಗೆ ಸಲೀಸಾಗಿ ಬಿಡುತ್ತದೆ, ಇನ್ನೊಂದು ಕಡೆಗೆ ಪೂರ್ತಿ ನಿಲ್ಲಿಸುತ್ತದೆ. ಡಿಲೇ ವಾಲ್ವ್ ಒಂದು ಕಡೆಗೆ ಸಲೀಸಾಗಿ, ಇನ್ನೊಂದು ಕಡೆಗೆ ಬಹಳ ನಿಧಾನವಾಗಿ ಬಿಡುತ್ತದೆ. "ಸೋರುವ ಚೆಕ್ ವಾಲ್ವ್" ಎಂದು ಸರಿ ಇರುವ ಡಿಲೇ ವಾಲ್ವನ್ನು ಬಿಸಾಡಿ, ಆ ಜಾಗಕ್ಕೆ ಚೆಕ್ ವಾಲ್ವ್ ಹಾಕಿದರೆ ಸೆಳೆತ ಒಳಗೇ ಸಿಕ್ಕಿಹಾಕಿಕೊಳ್ಳುತ್ತದೆ.

ಪರೀಕ್ಷೆ ಹೀಗೆ:

1. ಬಿಚ್ಚುವ ಮೊದಲು ಎಂಜಿನ್ ಕಡೆಯ ತುದಿಗೆ ಗುರುತು ಹಾಕಿ. ಬಣ್ಣ ನಂಬಬೇಡಿ, ಯಾವ ಬಣ್ಣ ಯಾವ ಕಡೆ ಎನ್ನುವುದು ಕಂಪನಿಯಿಂದ ಕಂಪನಿಗೆ ಬೇರೆ.
2. ಪಂಪನ್ನು ಸಾಧನದ ಕಡೆಯ ತುದಿಗೆ ಹಾಕಿ ಎಳೆಯಿರಿ. 15ರಿಂದ 20 ಇಂಚಿಗೆ ಏರಿ ಅಲ್ಲೇ ನಿಲ್ಲಬೇಕು. ಒಂದು ನಿಮಿಷ ಮುಳ್ಳು ನೋಡುತ್ತಿರಿ.
3. ಈಗ ಎಂಜಿನ್ ಕಡೆಯ ತುದಿಗೆ ಹಾಕಿ ಎಳೆಯಿರಿ. ಮುಳ್ಳು ಏಳಲೇಬಾರದು, ಗಾಳಿ ಸುಮ್ನೆ ಬರುತ್ತಿರಬೇಕು.
4. ಎರಡನೆಯದರಲ್ಲಿ ಇಳಿದರೆ ಸೋರುತ್ತಿದೆ, ಮೂರನೆಯದರಲ್ಲಿ ಏರಿದರೆ ಕಟ್ಟಿದೆ. ಎರಡಕ್ಕೂ ಮದ್ದು ಒಂದೇ, ಹೊಸದು.

ತೊಳೆದು ಹಾಕಬಹುದೇ ಎಂದು ಕೇಳುವವರಿದ್ದಾರೆ. ಒಳಗಿರುವುದು ತೆಳ್ಳಗಿನ ರಬ್ಬರ್ ಬಿಲ್ಲೆ. ಆಯಿಲ್ ಪಸೆ ಹತ್ತಿ ಅದು ಸೀಟಿಗೆ ಅಂಟಿರುತ್ತದೆ, ಇಲ್ಲವೇ ಅಂಚು ಸೊಟ್ಟಗಾಗಿರುತ್ತದೆ. ತೊಳೆದರೆ ಕೆಲವು ದಿನ ಕೆಲಸ ಮಾಡೀತು. ಹೀಟರ್ ಲೈನಿನದಾದರೆ ನಿಮ್ಮಿಷ್ಟ. ಬ್ರೇಕ್ ಬೂಸ್ಟರಿನದಾದರೆ ಆ ಯೋಚನೆ ಬಿಡಿ.

ಸ್ಮೋಕ್ ಟೆಸ್ಟ್ ಮಾಡಿಸುವವರು ಇಲ್ಲಿ ಮೋಸ ಹೋಗುತ್ತಾರೆ. ಹೊಗೆಯನ್ನು ಮ್ಯಾನಿಫೋಲ್ಡ್‌ಗೆ ತುಂಬಿದಾಗ ಅದು ಚೆಕ್ ವಾಲ್ವ್‌ವರೆಗೆ ಹೋಗಿ ನಿಲ್ಲುತ್ತದೆ. ವಾಲ್ವ್ ಸರಿ ಇದ್ದಷ್ಟೂ ಚೆನ್ನಾಗಿ ನಿಲ್ಲುತ್ತದೆ. ಆಚೆಗಿನ ಬೂಸ್ಟರ್, ರಿಸರ್ವ್ ಡಬ್ಬಿ, ಅಲ್ಲಿನ ಸೀಳಿದ ಪೈಪ್ ಯಾವುದಕ್ಕೂ ಹೊಗೆ ತಲುಪುವುದೇ ಇಲ್ಲ. ಮೆಷಿನ್ "ಲೀಕ್ ಇಲ್ಲ" ಅನ್ನುತ್ತದೆ. ಹಾಗಾಗಿ ವಾಲ್ವ್‌ನ ಆಚೆ ಭಾಗಕ್ಕೆ ಪ್ರತ್ಯೇಕವಾಗಿ ಪಂಪ್ ಹಾಕಿ ಹಿಡಿಯುತ್ತದೆಯೇ ನೋಡಲೇಬೇಕು.

## ಹಂತ 6: ಬ್ರೇಕ್ ಬೂಸ್ಟರ್

ಬೂಸ್ಟರ್‌ನ ಡಯಾಫ್ರಮ್ 25 ಸೆಂಟಿಮೀಟರ್ ಅಗಲ ಇದ್ದರೆ ಅದರ ವಿಸ್ತಾರ ಸುಮಾರು 500 ಚದರ ಸೆಂಟಿಮೀಟರ್. 18 ಇಂಚು ವ್ಯಾಕ್ಯೂಮ್‌ನಲ್ಲಿ ಲೆಕ್ಕಕ್ಕೆ 300 ಕಿಲೋ ತೂಕದಷ್ಟು ಬಲ ನಿಮ್ಮ ಕಾಲಿಗೆ ಜೊತೆಯಾಗುತ್ತದೆ. ಅದು ಹೋದರೆ ಬ್ರೇಕ್ ಪೂರ್ತಿ ಹೋಗುವುದಿಲ್ಲ, ಆದರೆ ಅಷ್ಟೂ ಬಲವನ್ನು ಕಾಲೇ ಕೊಡಬೇಕು.

ಮೂರು ಪರೀಕ್ಷೆ, ಇದೇ ಕ್ರಮದಲ್ಲಿ.

ಬೂಸ್ಟರ್‌ಗೆ ಸೆಳೆತ ಬರುತ್ತಿದೆಯೇ: ಎಂಜಿನ್ ಆಫ್. ಪೆಡಲನ್ನು ನಾಲ್ಕೈದು ಸಲ ತುಳಿಯಿರಿ, ಗಟ್ಟಿಯಾಗುತ್ತದೆ. ಕಾಲು ಒತ್ತಿಟ್ಟುಕೊಂಡೇ ಸ್ಟಾರ್ಟ್ ಮಾಡಿ. ಪೆಡಲ್ ಸ್ವಲ್ಪ ಕೆಳಗೆ ಇಳಿಯಬೇಕು. ಇಳಿಯದಿದ್ದರೆ ಪೈಪ್ ಕಟ್ಟಿದೆ, ವಾಲ್ವ್ ತಿರುಗುಮುರುಗಾಗಿದೆ ಅಥವಾ ಬೂಸ್ಟರ್ ಹಾಳಾಗಿದೆ.

ಕೂಡಿಟ್ಟದ್ದು ಉಳಿಯುತ್ತಿದೆಯೇ: ಎಂಜಿನ್ ಒಂದೆರಡು ನಿಮಿಷ ಓಡಲಿ, ಪೆಡಲ್ ಮುಟ್ಟದೆ ಆಫ್ ಮಾಡಿ. ಹತ್ತು ನಿಮಿಷ ಬಿಟ್ಟು ತುಳಿಯಿರಿ. ಮೊದಲ ಎರಡು ತುಳಿತ ಮೆತ್ತಗೆ, ಆಮೇಲೆ ಗಟ್ಟಿ ಆಗಬೇಕು. ಮೊದಲನೆಯದೇ ಗಟ್ಟಿ ಸಿಕ್ಕರೆ ಚೆಕ್ ವಾಲ್ವ್, ಅದು ಕೂರುವ ರಬ್ಬರ್ ಗ್ರಾಮೆಟ್, ಅಥವಾ ಬೂಸ್ಟರ್ ಸೋರುತ್ತಿದೆ. ಮೊದಲು ಗ್ರಾಮೆಟ್ ನೋಡಿ. ಹೊಸ ವಾಲ್ವನ್ನು ಹಳೆಯ ಒಣಗಿದ ಗ್ರಾಮೆಟ್‌ಗೆ ತುರುಕಿ "ಹೊಸದು ಹಾಕಿದರೂ ಸರಿಹೋಗಲಿಲ್ಲ" ಅನ್ನುವವರು ಬಹಳ.

ಒತ್ತಿದಾಗ ಸೋರುತ್ತಿದೆಯೇ: ಐಡಲ್‌ನಲ್ಲಿ ಪೆಡಲ್ ಒತ್ತಿ ಹಿಡಿಯಿರಿ. ಒತ್ತುವಾಗ ಸಣ್ಣ ಸದ್ದು ಬಂದು ನಿಂತರೆ ಸಹಜ. ಹಿಡಿದಿರುವಷ್ಟು ಹೊತ್ತೂ ಸುಯ್ ಎನ್ನುತ್ತಿದ್ದರೆ, ಎಂಜಿನ್ ಮಿಸ್ ಹೊಡೆದರೆ ಅಥವಾ ನಿಂತೇ ಹೋದರೆ ಬೂಸ್ಟರ್‌ನ ಒಳಗಿನ ಡಯಾಫ್ರಮ್ ಅಥವಾ ಸೀಲ್ ಹೋಗಿದೆ.

ತೆರೆದೇ ಉಳಿದ ಚೆಕ್ ವಾಲ್ವ್ ದಿನನಿತ್ಯದ ಓಡಾಟದಲ್ಲಿ ಗೊತ್ತೇ ಆಗುವುದಿಲ್ಲ. ಆಕ್ಸಿಲರೇಟರ್‌ನಿಂದ ಕಾಲು ತೆಗೆದು ಬ್ರೇಕ್ ಒತ್ತುವಷ್ಟರಲ್ಲಿ ಮ್ಯಾನಿಫೋಲ್ಡ್ ಮತ್ತೆ ಎಳೆದಿರುತ್ತದೆ. ಎಂಜಿನ್ ನಡುರಸ್ತೆಯಲ್ಲಿ ನಿಂತ ದಿನ ಮಾತ್ರ ಗೊತ್ತಾಗುತ್ತದೆ, ಒಂದು ತುಳಿತವೂ ಬಾಕಿ ಇರುವುದಿಲ್ಲ. ಎರಡನೆಯ ಪರೀಕ್ಷೆಯನ್ನು ಲಕ್ಷಣ ಇಲ್ಲದಿದ್ದರೂ ಮಾಡಿ.

## ಹಂತ 7: ಉಳಿದ ಲೈನ್‌ಗಳು

ಡಿಸ್ಟ್ರಿಬ್ಯೂಟರ್ ಅಡ್ವಾನ್ಸ್: ಡಿಸ್ಟ್ರಿಬ್ಯೂಟರ್‌ನ ಮುಚ್ಚಳ ತೆಗೆದು, ಅಡ್ವಾನ್ಸ್ ನಿಪ್ಪಲ್‌ಗೆ ಪಂಪ್ ಹಾಕಿ ಎಳೆದರೆ ಒಳಗಿನ ತಟ್ಟೆ ತಿರುಗಬೇಕು, ಮುಳ್ಳು ನಿಲ್ಲಬೇಕು. ತಿರುಗಿ ವಾಪಸಾದರೆ ಡಯಾಫ್ರಮ್ ಹರಿದಿದೆ. ಮುಳ್ಳು ನಿಂತು ತಟ್ಟೆ ತಿರುಗದಿದ್ದರೆ ತಟ್ಟೆ ಹಿಡಿದುಕೊಂಡಿದೆ. ಪಿಕಪ್, ಮೈಲೇಜ್ ಎರಡೂ ಬೀಳಲು ಇದೊಂದೇ ಸಾಕು.

ಪಿ.ಸಿ.ವಿ.: ಐಡಲ್‌ನಲ್ಲಿ ವಾಲ್ವನ್ನು ಕವರ್‌ನಿಂದ ಹೊರತೆಗೆದು ಬೆರಳು ಮುಚ್ಚಿ. ಜೋರಾಗಿ ಸೆಳೆಯಬೇಕು.

ಇ.ಜಿ.ಆರ್.: ಸಾದಾ ಬಗೆಯದಾದರೆ ಐಡಲ್‌ನಲ್ಲಿ ಪಂಪ್ ಎಳೆದಾಗ ಎಂಜಿನ್ ತಡವರಿಸಬೇಕು. ಪಂಪ್ ಬಿಟ್ಟಾಗ ಸರಿಹೋಗಬೇಕು.

ಹೀಟರ್, ಎ.ಸಿ. ಗಾಳಿಯ ದಾರಿ: ಮಟ್ಟಸ ರಸ್ತೆಯಲ್ಲಿ ಎದೆಗೆ ಬರುತ್ತಿದ್ದ ಗಾಳಿ ಏರು ಹತ್ತುವಾಗ ಗಾಜಿನ ಕಡೆಗೆ ತಿರುಗಿ, ಇಳಿಯುವಾಗ ವಾಪಸ್ ಬಂದರೆ, ರಿಸರ್ವ್ ಡಬ್ಬಿ ಒಡೆದಿದೆ ಅಥವಾ ಅದರ ಚೆಕ್ ವಾಲ್ವ್ ಹಿಡಿಯುತ್ತಿಲ್ಲ. ಡ್ಯಾಶ್‌ಬೋರ್ಡ್ ಬಿಚ್ಚುವ ಮೊದಲು ಇದನ್ನು ನೋಡಿ. 1968ರಿಂದ 1982ರವರೆಗಿನ ಷೆವರ್ಲೆ ಕಾರ್ವೆಟ್‌ನಂಥ ಕಾರುಗಳಲ್ಲಿ ಹೆಡ್‌ಲೈಟ್ ಎತ್ತುವುದೂ ವ್ಯಾಕ್ಯೂಮೇ. ಅಲ್ಲೂ ಇದೇ ವಿಚಾರ, ಪೈಪ್ ಮಾತ್ರ ಇನ್ನೂ ಉದ್ದ.

ಡೀಸೆಲ್ ಕಾರಾದರೆ ಲೆಕ್ಕ ಬೇರೆ. ಹಳೆಯ ಡೀಸೆಲ್‌ಗಳಲ್ಲಿ ಸಾಮಾನ್ಯವಾಗಿ ಥ್ರಾಟಲ್ ತಟ್ಟೆ ಇಲ್ಲ, ಮ್ಯಾನಿಫೋಲ್ಡ್ ವ್ಯಾಕ್ಯೂಮೂ ಇಲ್ಲ. ಎಂಜಿನ್ ಓಡಿಸುವ ವ್ಯಾಕ್ಯೂಮ್ ಪಂಪ್ ಇರುತ್ತದೆ. ಹಾಗಾಗಿ ಲೀಕ್ ಇದ್ದರೂ ಐಡಲಿಂಗ್ ಕೆಡುವುದಿಲ್ಲ. ಮರ್ಸಿಡಿಸ್ ಡಬ್ಲ್ಯು 123 ಡೀಸೆಲ್‌ನಲ್ಲಿ ಬಾಗಿಲ ಲಾಕ್‌ಗೂ ಎಂಜಿನ್ ಆಫ್ ಮಾಡುವುದಕ್ಕೂ ವ್ಯಾಕ್ಯೂಮ್ ಬಳಸಿದ್ದಾರೆ. ಎಲ್ಲೋ ಬಾಗಿಲಿನ ಒಳಗೆ ಸೋರಿದರೂ ಕೀ ತಿರುಗಿಸಿದ ಮೇಲೆ ಎಂಜಿನ್ ಓಡುತ್ತಲೇ ಇರಬಹುದು.

## ಹಂತ 8: ಪೈಪ್ ಬದಲಾಯಿಸುವುದು

ಒಂದು ಬಿಚ್ಚಿ, ಒಂದು ಹಾಕಿ, ಮುಂದಿನದಕ್ಕೆ ಹೋಗಿ. ಪೈಪಿನ ಒಳ ಅಳತೆ ನಿಪ್ಪಲ್‌ನ ಹೊರ ಅಳತೆಗಿಂತ ತುಸು ಚಿಕ್ಕದಿರಬೇಕು. ದೊಡ್ಡ ಪೈಪ್ ಹಾಕಿ ಕ್ಲಿಪ್ ಬಿಗಿದರೆ ರಬ್ಬರ್ ಮಡಚಿಕೊಂಡು ಆ ಮಡಿಕೆಯಲ್ಲೇ ಗಾಳಿ ಹೋಗುತ್ತದೆ. ತುದಿಯನ್ನು ಬ್ಲೇಡ್‌ನಿಂದ ನೇರ ಕತ್ತರಿಸಿ, ಇಕ್ಕಳದಿಂದ ಅಲ್ಲ. ಹತ್ತಲು ಕಷ್ಟವಾದರೆ ನೀರು ಸವರಿ, ಗ್ರೀಸ್ ಬೇಡ.

ಯಾವ ರಬ್ಬರ್ ಎನ್ನುವುದು ಮುಖ್ಯ. ಒಣ ಗಾಳಿಯ ಲೈನ್‌ಗೆ ಇ.ಪಿ.ಡಿ.ಎಂ. ರಬ್ಬರ್ ಒಳ್ಳೆಯದು. ಆಯಿಲ್, ಪೆಟ್ರೋಲ್ ಹಬೆ ಬರುವ ಕಡೆ, ಅಂದರೆ ಪಿ.ಸಿ.ವಿ., ಚಾರ್ಕೋಲ್ ಕ್ಯಾನಿಸ್ಟರ್ (ಟ್ಯಾಂಕಿನ ಪೆಟ್ರೋಲ್ ಹಬೆ ಹಿಡಿಯುವ ಡಬ್ಬಿ) ಲೈನ್‌ಗಳಿಗೆ, ಅದು ಉಬ್ಬಿ ಮೆತ್ತಗಾಗುತ್ತದೆ. ಅಲ್ಲಿ ಆಯಿಲ್, ಪೆಟ್ರೋಲ್ ತಡೆಯುವ ಪೈಪೇ ಬೇಕು. ಬಣ್ಣದ ಸಿಲಿಕೋನ್ ಪೈಪ್ ಶಾಖ ತಡೆಯುತ್ತದೆ, ಪೆಟ್ರೋಲ್ ಹಬೆ ತಡೆಯುವುದಿಲ್ಲ. ತೆಳ್ಳಗಿನದು ಸೆಳೆತಕ್ಕೆ ಚಪ್ಪಟೆಯಾಗುತ್ತದೆ ಕೂಡ. ಬೂಸ್ಟರ್‌ಗೆ ಬ್ರೇಕ್ ಬೂಸ್ಟರ್‌ಗೆಂದೇ ಮಾಡಿದ, ಒಳಗೆ ನೂಲಿನ ಹೆಣಿಗೆ ಇರುವ ದಪ್ಪ ಪೈಪ್ ಬಿಟ್ಟು ಬೇರೆ ಹಾಕಲೇಬಾರದು. ಮೀನಿನ ತೊಟ್ಟಿಗೆ ಬಳಸುವ ಪಾರದರ್ಶಕ ಪೈಪನ್ನು ಎಂಜಿನ್ ಹತ್ತಿರಕ್ಕೂ ತರಬೇಡಿ.

ಹಳೆಯ ಪೈಪನ್ನು ಬಿಸಾಡುವ ಮೊದಲು ಉದ್ದಕ್ಕೂ ಹಿಸುಕಿ ನೋಡಿ. ಒಳಗೆ ಕಾಳಿನಷ್ಟು ಗಟ್ಟಿ ವಸ್ತು ಸಿಕ್ಕರೆ ಅದು ಕಸ ಅಲ್ಲದಿರಬಹುದು. ಸೂಜಿ ಹೋಗುವಷ್ಟು ಸಣ್ಣ ರಂಧ್ರವಿರುವ ಹಿತ್ತಾಳೆ ಅಥವಾ ಪ್ಲಾಸ್ಟಿಕ್ ತುಂಡಾಗಿದ್ದರೆ ಅದು ರಿಸ್ಟ್ರಿಕ್ಟರ್, ಗಾಳಿಯ ಓಟಕ್ಕೆ ಬೇಕೆಂದೇ ಇಟ್ಟ ತಡೆ. ಹೊಸ ಪೈಪಿನಲ್ಲೂ ಅದನ್ನು ಅದೇ ಜಾಗದಲ್ಲಿ ಕೂರಿಸಬೇಕು. ಎಲ್ಲ ಹೊಸ ಪೈಪ್ ಹಾಕಿದ ಮೇಲೆ ಕಾರು ಮೊದಲಿಗಿಂತ ಕೆಟ್ಟದಾಗಿ ಓಡುತ್ತಿದ್ದರೆ, ಈ ತುಂಡು ಕಸದ ಬುಟ್ಟಿಯಲ್ಲಿದೆಯೇ ನೋಡಿ.

ಉದ್ದ ಹಳೆಯದರಷ್ಟೇ ಇರಲಿ. ಜಾಸ್ತಿ ಉದ್ದ ಬಿಟ್ಟರೆ ಜೋತುಬಿದ್ದು ಎಕ್ಸಾಸ್ಟ್‌ಗೆ ತಾಗುತ್ತದೆ, ಕಡಿಮೆಯಾದರೆ ಎಂಜಿನ್ ಅಲುಗಿದಾಗ ಕಳಚುತ್ತದೆ. ಚೆಕ್ ವಾಲ್ವ್ ಕೂರಿಸುವಾಗ ಮೊದಲು ಹಾಕಿದ ಗುರುತು ಎಂಜಿನ್ ಕಡೆಗೇ ಇದೆಯೇ ಇನ್ನೊಮ್ಮೆ ನೋಡಿ.

## ಹಂತ 9: ಟ್ಯೂನಿಂಗ್ ಮತ್ತು ಕೊನೆಯ ಪರೀಕ್ಷೆ

ಲೀಕ್ ಇದ್ದಾಗ ಮಾಡಿದ ಟ್ಯೂನಿಂಗ್ ಈಗ ತಪ್ಪು. ಮೊದಲು ಇಗ್ನಿಷನ್ ಟೈಮಿಂಗ್ ನೋಡಿ. ಬಹಳಷ್ಟು ಎಂಜಿನ್‌ಗಳಲ್ಲಿ ಇದಕ್ಕೆ ಅಡ್ವಾನ್ಸ್ ಪೈಪ್ ಬಿಚ್ಚಿ ಮುಚ್ಚಿಡಬೇಕು, ನಿಮ್ಮ ಮ್ಯಾನ್ಯುಯಲ್ ಏನು ಹೇಳುತ್ತದೋ ಹಾಗೆ ಮಾಡಿ. ಆಮೇಲೆ ಐಡಲ್ ಸ್ಪೀಡ್, ಕೊನೆಗೆ ಮಿಕ್ಸ್‌ಚರ್. ಗೇಜ್ ಹಾಕಿ ಹಂತ 3ರಲ್ಲಿ ಬರೆದದ್ದಕ್ಕೆ ಹೋಲಿಸಿ.

ಪರೀಕ್ಷೆಗೆ ಹಾಕಿದ ಕ್ಯಾಪ್ ಯಾವ ನಿಪ್ಪಲ್‌ನಲ್ಲೂ, ಯಾವ ಪೈಪಿನ ಒಳಗೂ ಉಳಿದಿಲ್ಲ ಎಂದು ಎಣಿಸಿ ಖಾತ್ರಿ ಮಾಡಿಕೊಳ್ಳಿ. ಹಂತ 6ರ ಮೂರೂ ಬ್ರೇಕ್ ಪರೀಕ್ಷೆ ಮತ್ತೆ ಮಾಡಿ. ಅವು ಪಾಸಾದ ಮೇಲೆ ಖಾಲಿ ಜಾಗದಲ್ಲಿ ನಿಧಾನವಾಗಿ ಓಡಿಸಿ ಬ್ರೇಕ್ ಹಾಕಿ ನೋಡಿ, ಆಮೇಲೆ ರಸ್ತೆಗೆ.

ಈ ಕೆಳಗಿನ ಯಾವುದಾದರೂ ಕಂಡರೆ ರಸ್ತೆಗೆ ಇಳಿಸಲೇಬೇಡಿ: ಎಂಜಿನ್ ಓಡುತ್ತಿರುವಾಗಲೂ ಪೆಡಲ್ ಗಟ್ಟಿ, ಬ್ರೇಕ್ ಒತ್ತಿದಾಗ ಎಂಜಿನ್ ನಿಲ್ಲುವುದು, ಬೂಸ್ಟರ್ ಪೈಪಿನಲ್ಲಿ ಬ್ರೇಕ್ ಆಯಿಲ್, ಯಾವುದೇ ವ್ಯಾಕ್ಯೂಮ್ ಪೈಪಿನಲ್ಲಿ ಹಸಿ ಪೆಟ್ರೋಲ್.

ಒಂದೆರಡು ವಾರ ಓಡಿಸಿದ ಮೇಲೆ ತಣ್ಣಗಿನ ಎಂಜಿನ್‌ನಲ್ಲಿ ಪ್ರತಿ ತುದಿಯನ್ನೂ ಒಮ್ಮೆ ಬೆರಳಲ್ಲಿ ತಿರುಗಿಸಿ ನೋಡಿ. ಹೊಸ ರಬ್ಬರ್ ಶಾಖಕ್ಕೆ ಸ್ವಲ್ಪ ಸಡಿಲವಾಗಿರುತ್ತದೆ. ಸುಲಭವಾಗಿ ತಿರುಗುವ ತುದಿಗೆ ಒಂದು ಸ್ಪ್ರಿಂಗ್ ಕ್ಲಿಪ್ ಹಾಕಿ, ಮುಳ್ಳು ಈಗ ಎಲ್ಲಿ ನಿಲ್ಲುತ್ತದೆ ಎನ್ನುವುದನ್ನು ಹಂತ 1ರ ಕಾಗದದಲ್ಲೇ ಬರೆದು ಮ್ಯಾನ್ಯುಯಲ್ ಜೊತೆ ಇಡಿ.